ಹಾಲು ಬಂತು ಅಂದ ಮಾತ್ರಕ್ಕೆ ನಾಯಿ ಬಸುರಿ ಅಲ್ಲ

ಮನುಷ್ಯರ ಪ್ರೆಗ್ನೆನ್ಸಿ ಕಿಟ್ ನಾಯಿಗೆ ನಡೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಕೈಯಲ್ಲಿ ಹಿಡಿದೇ ಬರುವವರು ಇನ್ನೂ ಇದ್ದಾರೆ. ಕಳೆದ ತಿಂಗಳು ಬಂದ ಅಮ್ಮ ಒಬ್ಬರು ಬೆಳಿಗ್ಗೆ ಐದೂವರೆಗೆ ಎದ್ದು, ತಮ್ಮ ಪಾಮ್ ನಾಯಿಯ ಹಿಂದೆ ಪ್ಲಾಸ್ಟಿಕ್ ತಟ್ಟೆ ಹಿಡಿದು ಅಂಗಳ ಪೂರ್ತಿ ಓಡಾಡಿ, ನಾಲ್ಕು ಹನಿ ಮೂತ್ರ ಹಿಡಿದಿದ್ದರು. "ಒಂದೇ ಗೆರೆ ಬಂತು ಡಾಕ್ಟ್ರೇ. ಕಟ್ಟಿಲ್ಲ ಅಲ್ವಾ?" ಕ್ರಾಸ್ ಮಾಡಿಸಿ ಆಗ 15 ದಿನ ಆಗಿತ್ತು. ಅವರ ಮುಖ ನೋಡಿ ನನಗೆ ಬೇಜಾರಾಯಿತು. ಆ ಕಿಟ್ ಹುಡುಕುವುದು ಎಚ್‌ಸಿಜಿ ಅನ್ನುವ ಹಾರ್ಮೋನನ್ನು. ನಾಯಿಯ ಮೈಯಲ್ಲಿ ಅದು ಹುಟ್ಟುವುದೇ ಇಲ್ಲ, ಹೊಟ್ಟೆಯಲ್ಲಿ ಆರು ಮರಿ ಇದ್ದರೂ ಅಲ್ಲಿ ಒಂದೇ ಗೆರೆ.

ಕಿಟ್ ವಿಷಯ ಅಷ್ಟಕ್ಕೇ ಮುಗಿಯುತ್ತದೆ. ನನಗೆ ತಲೆನೋವು ತರುವುದು ಇನ್ನೊಂದು. ಹಸು ಸಾಕಿದ ಮನೆಗಳಿಂದ ಬಂದ ನಾವೆಲ್ಲ ನಾಯಿಗೂ ಹಸುವಿನ ಲೆಕ್ಕವನ್ನೇ ಹಾಕುತ್ತೇವೆ. ಹಸು ಗಬ್ಬ ನಿಲ್ಲದಿದ್ದರೆ 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ, ಬರದಿದ್ದರೆ ನಿಂತಿದೆ ಅಂತ ಅರ್ಥ. ನಾಯಿಗೆ ಈ ಲೆಕ್ಕ ಇಲ್ಲ. ಅದು ಮತ್ತೆ ಹೀಟ್‌ಗೆ ಬರುವುದು ಹೆಚ್ಚುಕಡಿಮೆ ಆರು ತಿಂಗಳಿಗೆ, ಮರಿ ಕಟ್ಟಿರಲಿ ಬಿಡಲಿ.

ದಯವಿಟ್ಟು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಂಡ ಬಿಡುಗಡೆ ಆದ ಜಾಗದಲ್ಲಿ ಅಂಡಾಶಯದ ಮೇಲೆ ಸಣ್ಣ ಗಂಟುಗಳು ಬೆಳೆಯುತ್ತವೆ. ಬಸಿರು ಕಾಯುವ ಹಾರ್ಮೋನ್ ಪ್ರೊಜೆಸ್ಟರಾನ್ ಬರುವುದು ಅಲ್ಲಿಂದ. ಹಸುವಿನಲ್ಲಿ ಗಬ್ಬ ನಿಲ್ಲದಿದ್ದರೆ ಆ ಗಂಟು ಮೂರು ವಾರದೊಳಗೆ ಕರಗಿಹೋಗುತ್ತದೆ. ನಾಯಿಯಲ್ಲಿ ಕರಗುವುದಿಲ್ಲ. ಗಂಡುನಾಯಿ ಹತ್ತಿರ ಸುಳಿಯದೇ ಇದ್ದರೂ ಸುಮಾರು ಎರಡು ತಿಂಗಳು ಅದು ಹಾರ್ಮೋನ್ ಸುರಿಸುತ್ತಲೇ ಇರುತ್ತದೆ. ಅಂದರೆ ಬಸುರಿ ನಾಯಿ, ಬಸುರಿ ಅಲ್ಲದ ನಾಯಿ, ಇಬ್ಬರ ಮೈಯೂ ಆ ಎರಡು ತಿಂಗಳು ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತದೆ. ಮೊಲೆ ದಪ್ಪ ಆಗುವುದು, ತೂಕ ಏರುವುದು, ಸುಮ್ನೆ ಮೂಲೆಯಲ್ಲಿ ಮಲಗುವುದು, ಒಂದೆರಡು ದಿನ ಊಟ ಬಿಡುವುದು, ಇದೆಲ್ಲ ಎರಡು ಕಡೆಯೂ ಆಗಬಹುದು. ಕೊನೆಗೆ ಆ ಹಾರ್ಮೋನ್ ಇಳಿದು, ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುವಾಗ ಹಾಲೂ ಬರಬಹುದು. ರಕ್ತದಲ್ಲಿ ಪ್ರೊಜೆಸ್ಟರಾನ್ ನೋಡಿದರೂ ಬಸಿರು ಗೊತ್ತಾಗದೇ ಇರುವುದು ಇದಕ್ಕೇ.

ಒಂದು ಮನೆಯ ಡ್ಯಾಶ್‌ಹೌಂಡ್ ಚಿನ್ನಿಯನ್ನು ನಾನು ಮರೆಯುವುದಿಲ್ಲ. ಮಂಚದ ಕೆಳಗೆ ಮಗುವಿನ ಐದು ಸಾಕ್ಸ್ ಎಳೆದುಕೊಂಡು ಹೋಗಿ, ಅವುಗಳ ಸುತ್ತ ಸುರುಳಿಯಾಗಿ ಮಲಗಿ, ಹತ್ತಿರ ಬಂದವರಿಗೆಲ್ಲ ಗುರ್ ಅನ್ನುತ್ತಿತ್ತು. ಮೊಲೆ ಒತ್ತಿದರೆ ಹಾಲು. ಮನೆಯವರು ಮೂರು ನೆಂಟರಿಗೆ ಮರಿ ಕೊಡುತ್ತೇವೆ ಅಂತ ಮಾತೂ ಕೊಟ್ಟಾಗಿತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ಅದು ಸುಳ್ಳು ಬಸಿರು. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ, ಸಾಕ್ಸ್ ಮೆಲ್ಲಗೆ ತೆಗೆದುಬಿಡಿ ಅಂತ ಹೇಳಿ ಕಳಿಸಿದೆ. ಎರಡು ಮೂರು ವಾರದಲ್ಲಿ ಸರಿಹೋಯಿತು.

ಹಾಗಾದರೆ ಗೊತ್ತಾಗುವುದು ಯಾವಾಗ? ಕ್ರಾಸ್ ಆಗಿ 28 ದಿನಕ್ಕೆ, ಸ್ಕ್ಯಾನ್‌ನಲ್ಲಿ. ಅದಕ್ಕಿಂತ ಮುಂಚೆ ಬಂದರೆ ನನಗೂ ಗೊತ್ತಾಗುವುದು ಕಷ್ಟ. 18ನೇ ದಿನ ಎಲ್ಲೋ ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಅಂತ ಹೇಳಿಸಿಕೊಂಡು, ಬಸಿರಲ್ಲಿ ಕೊಡಬಾರದ ಲಸಿಕೆ ಔಷಧಿ ಎಲ್ಲ ಹಾಕಿಸಿಕೊಂಡು, ಆಮೇಲೆ ಹೊಟ್ಟೆ ಬಂದಾಗ ಗಾಬರಿಯಾಗಿ ಬಂದವರನ್ನು ನೋಡಿದ್ದೇನೆ. ಎರಡು ಮೂರು ಸಲ ಕ್ರಾಸ್ ಆಗಿದ್ದರೆ ಕೊನೆಯ ದಿನದಿಂದ ಎಣಿಸಿ. ಎಲ್ಲ ತಾರೀಖನ್ನೂ ಬರೆದಿಡಿ. ಗಂಡಿನ ವೀರ್ಯ ಒಳಗೆ ಐದಾರು ದಿನ ಬದುಕಿರಬಲ್ಲದು, ಹಾಗಾಗಿ ಕ್ರಾಸ್ ಆದ ದಿನವೇ ಬಸಿರು ನಿಂತ ದಿನ ಅಂತ ಹೇಳುವುದಕ್ಕೆ ಬರುವುದಿಲ್ಲ. 28ಕ್ಕೆ ಕಾಣದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡುತ್ತೇನೆ, ಒಂದೇ ಸಲಕ್ಕೆ ಇಲ್ಲ ಅನ್ನುವುದಿಲ್ಲ.

ರಿಲಾಕ್ಸಿನ್ ಅನ್ನುವ ರಕ್ತಪರೀಕ್ಷೆಯೂ ಇದೆ. ಆ ಹಾರ್ಮೋನ್ ಬರುವುದು ಮರಿಯ ಮಾಸಿನಿಂದ, ಹಾಗಾಗಿ ಸುಳ್ಳು ಬಸಿರಿನಲ್ಲಿ ಬರುವುದಿಲ್ಲ. ಅದಕ್ಕೂ ನಾಲ್ಕು ವಾರ ಕಾಯಬೇಕು, ಒಂದೇ ಮರಿ ಇದ್ದರೆ ಕೆಲವೊಮ್ಮೆ ತಪ್ಪಿಹೋಗುತ್ತದೆ. ಕೈಯಲ್ಲಿ ಮುಟ್ಟಿ ನೋಡುವುದೂ ಒಂದು ದಾರಿ. ನಾಲ್ಕನೇ ವಾರದ ಹೊತ್ತಿಗೆ ದಾರಕ್ಕೆ ಪೋಣಿಸಿದ ಅಡಿಕೆ ಹಾಗೆ ಗಂಟು ಗಂಟಾಗಿ ಬೆರಳಿಗೆ ಸಿಗುತ್ತವೆ. 35 ದಿನ ದಾಟಿದರೆ ಆ ಗಂಟುಗಳು ಒಂದಕ್ಕೊಂದು ಸೇರಿಕೊಂಡು ಬೇರೆಬೇರೆಯಾಗಿ ಸಿಗುವುದಿಲ್ಲ. ದಯವಿಟ್ಟು ಮನೆಯಲ್ಲಿ ಒತ್ತಿ ನೋಡಬೇಡಿ. ಸಣ್ಣ ಜಾತಿಯ ನಾಯಿ ಮೂರು ನಾಲ್ಕು ಕಿಲೋ ಅಷ್ಟೇ ಇರಬಹುದು, ಅದು ಹೆದರಿ ಹೊಟ್ಟೆ ಬಿಗಿಹಿಡಿದಾಗ ಜೋರಾಗಿ ಅಮುಕಿದರೆ ಮರಿಗೆ ಪೆಟ್ಟು.

ಸುಮ್ನೆ ಕಾಯೋಣ, ಹೊಟ್ಟೆ ಬಂದರೆ ಗೊತ್ತಾಗುತ್ತದಲ್ಲ ಅನ್ನುವವರಿಗೆ ಒಂದು ಮಾತು. ಒಬ್ಬ ಹುಡುಗ ತನ್ನ ಸ್ಪಿಟ್ಜ್ ತಂದಿದ್ದ. (ನಮ್ಮಲ್ಲಿ ಪಾಮ್ ಅಂತ ಕರೆಯುವ ಎಷ್ಟೋ ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್.) ಹೀಟ್ ಮುಗಿದು ಆರು ವಾರ, ಹೊಟ್ಟೆ ಗುಂಡಗೆ. ಮನೆಯಲ್ಲಿ ಬಸುರಿ ಅಂತ ದಿನಾ ಮೊಟ್ಟೆ, ರಾಗಿ ಗಂಜಿ. "ಬಕೆಟ್ ನೀರು ಕುಡೀತಾಳೆ ಸರ್, ಮರಿಗೆ ಬೇಕಲ್ವಾ?" ಅಂದ. ಆ ಮಾತು ಕೇಳಿದ ಕೂಡಲೇ ಬಾಲ ಎತ್ತಿ ನೋಡಿದೆ, ಹಿಂದಿನ ಕೂದಲೆಲ್ಲ ಅಂಟಂಟು, ಕೆಟ್ಟ ವಾಸನೆ. ಗರ್ಭಕೋಶದ ತುಂಬ ಕೀವು. ಪಯೋಮೆಟ್ರಾ. ಅದು ಬರುವುದೂ ಸಾಮಾನ್ಯವಾಗಿ ಹೀಟ್ ಆದ ಎರಡು ತಿಂಗಳೊಳಗೇ, ಜನ ಬಸುರಿ ಅಂದುಕೊಳ್ಳುವ ಅದೇ ದಿನಗಳಲ್ಲಿ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಸೋರುವುದೂ ಇಲ್ಲ. ಅವತ್ತೇ ರಾತ್ರಿ ಆಪರೇಷನ್ ಮಾಡಿದೆವು, ಬದುಕಿತು. ಇನ್ನೆರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಹುಡುಗ ಬೆಳಗಿನ ತನಕ ಕ್ಲಿನಿಕ್ ಮೆಟ್ಟಿಲ ಮೇಲೇ ಕೂತಿದ್ದ.

ಬಸುರಿ ಅಂತ ಖಚಿತ ಆದಮೇಲೂ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ. ಬಸಿರಲ್ಲಿ ಹೊರಗಿನಿಂದ ಜಾಸ್ತಿ ಕೊಟ್ಟರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಕೆಲಸವನ್ನು ಮೈ ನಿಲ್ಲಿಸಿಬಿಡುತ್ತದೆ. ಮರಿ ಹಾಕಿ ಹಾಲು ಕೊಡುವಾಗ ಒಮ್ಮೆಗೇ ಕೊರತೆಯಾಗಿ ನಡುಕ, ಫಿಟ್ಸ್. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಜಾಸ್ತಿ. ಊಟವನ್ನೂ ಮೊದಲ ಐದು ವಾರ ಹೆಚ್ಚಿಸುವುದು ಬೇಡ.

ಕಿಟ್ ತಂದಿದ್ದ ಅಮ್ಮ 29ನೇ ದಿನಕ್ಕೆ ಸರಿಯಾಗಿ ಬಂದರು. ಹೊಟ್ಟೆಯ ಕೂದಲು ಸ್ವಲ್ಪ ತೆಗೆದು, ಜೆಲ್ ಹಚ್ಚಿ ಪ್ರೋಬ್ ಇಟ್ಟೆ. ಪರದೆಯಲ್ಲಿ ಒಂದು ಕಪ್ಪು ಗುಂಡು, ಅದರೊಳಗೆ ಅವರೆಕಾಳಿನಷ್ಟು ಬಿಳಿ, ಆ ಬಿಳಿಯ ನಡುವೆ ಪಟಪಟ ಮಿನುಗುವ ಒಂದು ಚುಕ್ಕೆ. ಮರಿಯ ಹೃದಯ ಅದು, ನಿಮಿಷಕ್ಕೆ 200ಕ್ಕಿಂತ ಜಾಸ್ತಿ ಬಡಿಯುತ್ತದೆ. ಪ್ರೋಬ್ ಸರಿಸಿದರೆ ಇನ್ನೊಂದು. ಅಮ್ಮ ನಾಯಿಯ ಕಿವಿ ಸವರುತ್ತಾ "ಎರಡೇನಾ ಡಾಕ್ಟ್ರೇ?" ಅಂದರು. ಸ್ಕ್ಯಾನ್‌ನಲ್ಲಿ ಎಣಿಕೆ ತಪ್ಪುತ್ತದೆ, 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆದು ಬೆನ್ನುಮೂಳೆ ಎಣಿಸೋಣ, ಸಣ್ಣ ನಾಯಿಯಲ್ಲಿ ಒಂದೇ ಮರಿ ಇದ್ದರೆ ಅದು ದಪ್ಪ ಬೆಳೆದು ಹೆರಿಗೆಗೆ ಸಿಕ್ಕಿಕೊಳ್ಳಬಹುದು, ಅದಕ್ಕೇ ಎಣಿಕೆ ಮುಖ್ಯ ಅಂದೆ. ಪರ್ಸ್‌ನಿಂದ ಪೆನ್ನು ತೆಗೆದು ಆ ತಾರೀಖನ್ನು ಅಂಗೈ ಮೇಲೇ ಬರೆದುಕೊಂಡರು.