ಮಲಯಾಳ ಪುಸ್ತಕಗಳು ಎಲ್ಲಿ ಹೋದವು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಊರಿನ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಇಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ನಿವೃತ್ತ ಮಾಷ್ಟ್ರೊಬ್ಬರು ದಿನವೂ ಮಧ್ಯಾಹ್ನ ಕುಳಿತು ಮೊದಲು ಕನ್ನಡದ್ದು, ಆಮೇಲೆ ಮಲಯಾಳದ್ದು ಎಂದು ಎಲ್ಲವನ್ನೂ ಏರಿಸಿದರು. ಪ್ರತಿ ಸಲವೂ ಪರದೆಯಲ್ಲಿ ‘ಪುಸ್ತಕ ಸೇರಿತು’ ಎಂದು ಹಸಿರು ಅಕ್ಷರ. ಮಳೆಗಾಲ ಮುಗಿದ ಮೇಲೆ ಹುಡುಕಿದರೆ ಮಲಯಾಳದ ಒಂದು ಪುಸ್ತಕವೂ ಇಲ್ಲ.

ನನ್ನ ಮೊದಲ ಗುಮಾನಿ ಲಿಪಿಯ ಮೇಲೆ. ಆದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಅಕ್ಷರಕ್ಕೂ ಮಲಯಾಳದ ಅಕ್ಷರಕ್ಕೂ ತಲಾ 3 ಬೈಟ್. ಒಂದು ನಿಲ್ಲುವ ಜಾಗದಲ್ಲಿ ಇನ್ನೊಂದು ನಿಲ್ಲಲೇಬೇಕು.

ತಪ್ಪು ಇದ್ದದ್ದು ಬೇರೆ ಕಡೆ. ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಒಂದು, ಮಾಹಿತಿ ಕಾಯುವ ಡೇಟಾಬೇಸ್ ಮೈಎಸ್‌ಕ್ಯೂಎಲ್ ಇನ್ನೊಂದು. ಮೈಎಸ್‌ಕ್ಯೂಎಲ್ ಮಾಹಿತಿಯನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಸುಮ್ಮನಿರುವುದಿಲ್ಲ. ಸಂಖ್ಯೆ ಹಾಕಿ, ಕಾರಣ ಸಮೇತ ಹೇಳುತ್ತದೆ. ಆದರೆ ಪ್ರೋಗ್ರಾಂ ಓಡುತ್ತಿದ್ದ ಸರ್ವರಿನಲ್ಲಿದ್ದದ್ದು ಪಿಎಚ್‌ಪಿ 7.4. ಅದು ಈ ದೂರನ್ನು ಕಿಸೆಯಲ್ಲಿಟ್ಟುಕೊಂಡು, ‘ಆಗಲಿಲ್ಲ’ ಎಂಬ ಒಂದು ಉತ್ತರವನ್ನಷ್ಟೇ ಮರಳಿಸಿ ಮುಂದಿನ ಸಾಲಿಗೆ ಹೋಗುತ್ತಿತ್ತು. ಆ ಉತ್ತರವನ್ನು ನೋಡಬೇಕಾದವನು ಪ್ರೋಗ್ರಾಂ ಬರೆದವನು. ನಾನು ನೋಡಿರಲಿಲ್ಲ. ಮುಂದಿನ ಸಾಲಿನಲ್ಲಿದ್ದದ್ದೇ ಆ ಹಸಿರು ಅಕ್ಷರ.

ಇದಕ್ಕೆ ಮದ್ದು ಒಂದೇ ಸಾಲು. ಡೇಟಾಬೇಸಿಗೆ ಸಂಪರ್ಕ ಕೊಡುವ ಮೊದಲೇ ಮೈಎಸ್‌ಕ್ಯೂಎಲ್‌ಐ ರಿಪೋರ್ಟ್ ಎಂಬ ಆಜ್ಞೆಯನ್ನು ಬರೆದು, ಅದಕ್ಕೆ ‘ಎರರ್’ ಮತ್ತು ‘ಸ್ಟ್ರಿಕ್ಟ್’ ಎಂಬ ಎರಡು ಗುರುತುಗಳನ್ನು ಕೊಡಬೇಕು. ‘ಎರರ್’ ಒಂದೇ ಇದ್ದರೆ ಎಚ್ಚರಿಕೆ ಮಾತ್ರ, ಕೆಲಸ ಮುಂದುವರಿಯುತ್ತದೆ. ‘ಸ್ಟ್ರಿಕ್ಟ್’ ಸೇರಿದರೆ ಪ್ರೋಗ್ರಾಂ ಆ ಸಾಲಿನಲ್ಲೇ ನಿಲ್ಲುತ್ತದೆ. ‘ಇಂಡೆಕ್ಸ್’ ಎಂಬ ಮೂರನೆಯದೂ ಇದೆ. ಸೂಚಿ ಬಳಸದ ಹುಡುಕಾಟಗಳ ಮೇಲೆಲ್ಲ ಚಾಡಿ ಹೇಳುವ ಅದನ್ನು ನಾನಂತೂ ಸದಾ ಉರಿಸಿಡುವುದಿಲ್ಲ. 2021ರಲ್ಲಿ ಬಂದ ಪಿಎಚ್‌ಪಿ 8.1ರಿಂದ ಮೊದಲೆರಡು ತಾವಾಗಿಯೇ ಜಾರಿಯಲ್ಲಿರುತ್ತವೆ. ಪಿಎಚ್‌ಪಿಯಿಂದ ಡೇಟಾಬೇಸಿಗೆ ಹೋಗುವ ಪಿಡಿಒ ಎಂಬ ಇನ್ನೊಂದು ದಾರಿಗೆ ಈ ಬುದ್ಧಿ ಒಂದು ವರ್ಷ ಮೊದಲೇ, 8.0ರಲ್ಲಿ ಬಂದಿತ್ತು. ತಡವಾಯಿತು ಎಂಬುದೇ ನನ್ನ ತಕರಾರು.

ಹಾಗೆಂದು ದೂರನ್ನು ಓದುಗರ ಮುಂದೆ ಹರಡುವುದೂ ತರವಲ್ಲ. ಅದರಲ್ಲಿ ಡೇಟಾಬೇಸಿನ ಬಳಕೆದಾರನ ಹೆಸರು, ಕಡತ ಇರುವ ಜಾಗ ಎಲ್ಲವೂ ಕಾಣಬಹುದು. ಕನ್ನ ಹಾಕುವವನಿಗೆ ಅಷ್ಟು ಸಾಕು. ಜನ ಬಳಸುವ ಸರ್ವರಿನಲ್ಲಿ ದೋಷವನ್ನು ಪರದೆಗೆ ತರುವ ‘ಡಿಸ್‌ಪ್ಲೇ ಎರರ್ಸ್’ ನಂದಿಸಿ, ಅದನ್ನು ಕಡತದಲ್ಲಿ ಬರೆದಿಡುವ ‘ಲಾಗ್ ಎರರ್ಸ್’ ಉರಿಸಿಡಬೇಕು. ಮಾಷ್ಟ್ರಿಗೆ ‘ಸೇರಲಿಲ್ಲ’ ಎಂಬಷ್ಟು ಕಂಡರೆ ಸಾಕು, ವಿವರ ಲಾಗ್ ಕಡತಕ್ಕೆ.

ಆ ಸಾಲು ಸೇರಿಸಿ ಮಲಯಾಳದ ಮೊದಲ ಪುಸ್ತಕವನ್ನು ಮತ್ತೆ ಏರಿಸಿದೆವು. ಲಾಗ್‌ನಲ್ಲಿ ದೋಷ ಸಂಖ್ಯೆ 1062: ‘1’ ಎಂಬ ನಂಬರ್ ಆಗಲೇ ಇದೆ. ಒಂದು ನಂಬರ್ ಎರಡು ಪುಸ್ತಕಗಳಿಗೆ ಇರಕೂಡದು ಎಂದು ನಿಯಮ ಮಾಡಿದ್ದವನು ನಾನೇ. ಮಾಷ್ಟ್ರನ್ನು ಕೇಳಿದೆ.

“ಕನ್ನಡಕ್ಕೊಂದು ರಿಜಿಸ್ಟರ್, ಮಲಯಾಳಕ್ಕೊಂದು ರಿಜಿಸ್ಟರ್. ಎರಡೂ ಒಂದರಿಂದಲೇ ಶುರುವಾಗುವುದಲ್ಲವೇ?” ಎಂದರು.

ಕನ್ನಡದ ಲೆಕ್ಕ ಮಲಯಾಳದ್ದಕ್ಕಿಂತ ಮುಂದಿದ್ದುದರಿಂದ ಅಲ್ಲಿನ ಒಂದು ನಂಬರೂ ಖಾಲಿ ಇರಲಿಲ್ಲ. ಭಾಷೆ ಮತ್ತು ನಂಬರ್ ಎರಡನ್ನೂ ಸೇರಿಸಿ ನೋಡುವಂತೆ ನಿಯಮ ತಿದ್ದಿದೆ. ಮಾಷ್ಟ್ರು ಎಲ್ಲವನ್ನೂ ಎರಡನೆಯ ಸಲ ಏರಿಸಿದರು. ಈಗ ಒಂದೊಂದು ಪುಸ್ತಕ ಸೇರಿಸಿದ ಮೇಲೂ ಅದನ್ನು ಹುಡುಕಿ ನೋಡಿಯೇ ಮುಂದೆ ಹೋಗುತ್ತಾರೆ. ಅದು ಬೇಡವೆನ್ನುವ ಮುಖ ನನಗಿಲ್ಲ.