ವೇದಿಕೆಯಿಂದ ರಸ್ತೆಗೆ: ನಾಳೆಯ ಗಾಡಿಗಳು ಎಷ್ಟು ದೂರ ಬರುತ್ತವೆ?

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಸಂಜೆ ಹೊತ್ತು ಗಾಡಿ ಮೂರನೇ ಗೇರ್ ಕಂಡರೆ ಅದೇ ಪುಣ್ಯ. ಇಂಥ ಊರಿನಲ್ಲಿ ಹುಟ್ಟಿದ ಅಲ್ಟ್ರಾವಯಲೆಟ್ ಎಂಬ ಕಂಪನಿ 2023ರ ಜನವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಎಫ್99 ಎಂಬ ಎಲೆಕ್ಟ್ರಿಕ್ ರೇಸ್ ಬೈಕ್ ತಂದು ನಿಲ್ಲಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಅದನ್ನು ಇಟಲಿಯ ಮಿಲಾನ್‌ಗೂ ಒಯ್ದಿತು. ಸುಮಾರು 120 ಅಶ್ವಶಕ್ತಿ. ಗಂಟೆಗೆ 265 ಕಿ.ಮೀ. ಓಡುತ್ತದೆ ಎಂದು ಕಂಪನಿಯ ಮಾತು. ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟು ಯಾವುದರ ಗೊಡವೆಯೂ ಇಲ್ಲದ ಗಾಡಿ.

"ಇದನ್ನ ಓಡಿಸೋದೆಲ್ಲಿ ಗುರೂ?" ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ. ಆದರೆ ಕಾನ್ಸೆಪ್ಟ್ ಗಾಡಿಯನ್ನು, ಅಂದರೆ ಮಾರಾಟಕ್ಕಲ್ಲದೆ ತೋರಿಸೋಕೆಂದೇ ಕಟ್ಟಿದ ಮಾದರಿಯನ್ನು, ಸಿಗ್ನಲ್‌ನಲ್ಲಿ ನಿಲ್ಲಿಸೋಕೆ ಅಂತ ಮಾಡುವುದಿಲ್ಲ. ಅದು ಕಂಪನಿ ಜನರ ಮುಂದೆ ಕೊಡುವ ಒಂದು ಮಾತು. ನಾಳೆ ಹೀಗೂ ಮಾಡುತ್ತೇವೆ, ನೋಡಿ ಎಂಬ ಮಾತು. ಕೆಲವರು ಅದನ್ನು ಉಳಿಸಿಕೊಂಡಿದ್ದಾರೆ. ಕೆಲವರು ತಪ್ಪಿದ್ದಾರೆ. ಇನ್ನು ಕೆಲವರು ಫೋಟೋ ತೆಗೆಸಿಕೊಂಡು, ಗಾಡಿಗೆ ಹೊದಿಕೆ ಹೊದಿಸಿ ಗೋಡೌನಿಗೆ ಕಳಿಸಿದ್ದಾರೆ.

ಈ ಚಾಳಿ ಶುರುವಾದದ್ದು ಅಮೆರಿಕದಲ್ಲಿ. ಜನರಲ್ ಮೋಟರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ 1938ರಲ್ಲಿ ಬ್ಯೂಯಿಕ್ ವೈ-ಜಾಬ್ ಎಂಬ ಕಾರು ಮಾಡಿಸಿದರು. ಮೊದಲ ಕಾನ್ಸೆಪ್ಟ್ ಕಾರು ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ. ಹೆಡ್‌ಲೈಟ್ ಮುಚ್ಚಿಕೊಳ್ಳುತ್ತಿತ್ತು. ಕಿಟಕಿ ಕರೆಂಟಿನಲ್ಲಿ ಏರಿಳಿಯುತ್ತಿತ್ತು. ಬಾಗಿಲಿನ ಹಿಡಿ ಮೈಗೆ ಅಂಟಿಕೊಂಡಂತಿತ್ತು. ವಿಶೇಷ ಏನೆಂದರೆ, ಅರ್ಲ್ ಅದನ್ನು ಪ್ರದರ್ಶನಕ್ಕಿಟ್ಟು ಸುಮ್ಮನಾಗಲಿಲ್ಲ. ವರ್ಷಗಟ್ಟಲೆ ತಾವೇ ಓಡಿಸಿಕೊಂಡು ತಿರುಗಾಡಿದರು. ಮೊದಲ ಕಾನ್ಸೆಪ್ಟ್ ಕಾರೇ ನಿಜವಾಗಿ ರಸ್ತೆಯಲ್ಲಿ ಓಡಿದ ಕಾರು ಎಂಬುದನ್ನು ಈಗಿನ ಕಂಪನಿಗಳು ಮರೆತಂತಿದೆ.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣು ಜೆಟ್ ವಿಮಾನದ ಮೇಲೆ. 1953ರಲ್ಲಿ ಅರ್ಲ್ ತಂಡ ಫೈರ್‌ಬರ್ಡ್ 1 ಮಾಡಿತು. ನೌಕಾಪಡೆಯ ಡಗ್ಲಸ್ ಸ್ಕೈರೇ ಎಂಬ ಫೈಟರ್ ವಿಮಾನ ಅದಕ್ಕೆ ಮಾದರಿ. ಮೊನಚು ಮೂತಿ, ಮೇಲೆ ಗಾಜಿನ ಗುಮ್ಮಟ, ಪಕ್ಕಕ್ಕೆ ಗಿಡ್ಡ ರೆಕ್ಕೆ, ಒಳಗೆ ಗ್ಯಾಸ್ ಟರ್ಬೈನ್ ಎಂಜಿನ್. ಶಕ್ತಿ 370 ಅಶ್ವಶಕ್ತಿ. ಹಿಂದಿನಿಂದ ಹೊರಬರುವ ಗಾಳಿಯ ಬಿಸಿ 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ. ಹಿಂದೆ ಒಂದು ಆಟೋ ಬಂದು ನಿಂತರೆ ಏನು ಕಥೆ ಅಂತ ಯೋಚಿಸಿ. 1956 ಮತ್ತು 1958ರಲ್ಲಿ ಇನ್ನೆರಡು ಫೈರ್‌ಬರ್ಡ್ ಬಂದವು. ಟರ್ಬೈನ್ ಕಾರು ಮಾತ್ರ ಮಾರುಕಟ್ಟೆಗೆ ಬರಲಿಲ್ಲ. ಇಂಧನ ಕುಡಿಯುವುದು ಜಾಸ್ತಿ, ಪೆಡಲ್ ಒತ್ತಿದ ಮೇಲೆ ವೇಗ ಹಿಡಿಯುವುದು ನಿಧಾನ. ಆದರೆ ವೇಗದ ಗಾಡಿ ಎಂದರೆ ಫೈಟರ್ ವಿಮಾನದ ಥರ ಕಾಣಬೇಕು ಎಂಬ ಹುಚ್ಚು ಹಾಗೇ ಉಳಿಯಿತು.

ನನ್ನ ಪ್ರಕಾರ ಈ ಕಥೆಯ ಅತ್ಯಂತ ಗಟ್ಟಿ ಅಧ್ಯಾಯ ನಡೆದದ್ದು ಇಟಲಿಯ ಟ್ಯೂರಿನ್ ಸುತ್ತಮುತ್ತ, 1968ರಿಂದ ಮೂರ್ನಾಲ್ಕು ವರ್ಷ. ಅಲ್ಲಿ ಬರ್ಟೋನೆ ಎಂಬ ಸಂಸ್ಥೆ. ಅದರಲ್ಲಿ ಮಾರ್ಚೆಲ್ಲೋ ಗಾಂದಿನಿ ಎಂಬ ವಿನ್ಯಾಸಕ. ಲ್ಯಾಂಬೊರ್ಗಿನಿ ಮಿಯುರಾ ಅದೇ ಸಂಸ್ಥೆಯಿಂದ ಬಂದ ಕಾರು. ನೋಡೋಕೆ ಚೆಂದ, ಆದರೆ ಜೋರಾಗಿ ಹೋದರೆ ಗಾಳಿ ಹೊಡೆತಕ್ಕೆ ಮೂತಿ ಹಗುರಾಗುತ್ತಿತ್ತು. 1968ರ ಆಲ್ಫಾ ರೋಮಿಯೋ ಕರಾಬೋದಲ್ಲಿ ಗಾಂದಿನಿ ಉಬ್ಬು ತಗ್ಗುಗಳನ್ನೆಲ್ಲ ಕಿತ್ತು ಹಾಕಿದರು. ಮುಂದೆ ನೆಲಕ್ಕೆ ತಾಗುವಂತೆ ತೆಳು, ಹಿಂದೆ ಎತ್ತರ. ಮರ ಸೀಳುವ ಬೆಣೆಯ ಹಾಗೆ. ಬಾಗಿಲು ಪಕ್ಕಕ್ಕಲ್ಲ, ಮೇಲಕ್ಕೆ ತೆರೆಯಿತು.

1970ರಲ್ಲಿ ಲಾನ್ಚಿಯಾ ಸ್ಟ್ರಾಟೋಸ್ ಝೀರೋ ಬಂತು. ನೆಲದಿಂದ ಎತ್ತರ ಬರೀ 84 ಸೆಂ.ಮೀ. ಒಳಗೆ ಹೋಗಬೇಕಾದರೆ ಮುಂದಿನ ಗಾಜನ್ನೇ ಎತ್ತಬೇಕು. ಬರ್ಟೋನೆ ಸಂಸ್ಥೆಯ ಯಜಮಾನ ನುಚ್ಚಿಯೋ ಬರ್ಟೋನೆ ಅದನ್ನು ತಾವೇ ಓಡಿಸಿಕೊಂಡು ಲಾನ್ಚಿಯಾ ಕಂಪನಿಗೆ ಹೋದರಂತೆ. ಗೇಟಿನ ಅಡ್ಡಗಂಬ ಎತ್ತುವ ಮೊದಲೇ ಅದರ ಅಡಿಯಲ್ಲಿ ನುಗ್ಗಿ ಒಳಗೆ ಹೋದರಂತೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಇರಲಿ. ಆ ಭೇಟಿಯಿಂದ ಹುಟ್ಟಿದ ಸ್ಟ್ರಾಟೋಸ್ 1974, 1975 ಮತ್ತು 1976ರಲ್ಲಿ ಸಾಲಾಗಿ ಮೂರು ಸಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದಿತು. ಪ್ರದರ್ಶನದ ಕಾರಿಗೂ ರ‍್ಯಾಲಿ ಕಾರಿಗೂ ಮುಖ ಹೋಲುತ್ತಿರಲಿಲ್ಲ. ಆದರೆ ಗಿಡ್ಡ ಮೈ, ಮಧ್ಯದಲ್ಲಿ ಎಂಜಿನ್ ಎಂಬ ಮೂಲ ವಿಚಾರ ಉಳಿಯಿತು. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಅಚ್ಚು ಬದಲಾಗಲಿ, ವಿಚಾರ ಉಳಿದರೆ ಸಾಕು.

ಇದಕ್ಕೆ ಪಾಠ ಪುಸ್ತಕದಂಥ ಉದಾಹರಣೆ ಲ್ಯಾಂಬೊರ್ಗಿನಿ ಕೌಂಟಾಶ್. 1971ರ ಜಿನೀವಾ ಪ್ರದರ್ಶನದಲ್ಲಿ ಇಟ್ಟ ಹಳದಿ ಕಾರಿನ ಮೈ ಒಂದು ಗೆರೆಯೂ ಹೆಚ್ಚಿಲ್ಲದಷ್ಟು ನುಣುಪಾಗಿತ್ತು. ಓಡಿಸಿ ನೋಡಿದರೆ ಎಂಜಿನ್ ಕಾದು ಕೆಂಡ. ಗಾಳಿ ಒಳಗೆ ಹೋಗೋಕೆ ದಾರಿಯೇ ಸಾಲದು. ಆಮೇಲೆ ಪಕ್ಕದಲ್ಲಿ ದೊಡ್ಡ ತೂತು ಕೊರೆದರು, ಭುಜದ ಮೇಲೆ ಪೆಟ್ಟಿಗೆಯಂಥ ಗಾಳಿಗಂಡಿ ಕೂರಿಸಿದರು. 5 ಲೀಟರ್ ಎಂಜಿನ್ ಬಿಟ್ಟು 4 ಲೀಟರ್‌ಗೆ ಇಳಿದರು. 1974ರಲ್ಲಿ ಮಾರಾಟಕ್ಕೆ ಬಂದಾಗ ಜನ ಮರುಳಾದದ್ದು ಆ ಗಂಡಿಗಳಿಗೇ! ತಂಪು ಮಾಡಲು ಇಟ್ಟ ತೇಪೆ ಮುಂದಿನ ಎಷ್ಟೋ ಸೂಪರ್ ಕಾರುಗಳಿಗೆ ಅಲಂಕಾರವಾಯಿತು. ಮೊದಲ ಹಳದಿ ಕಾರನ್ನು ಇಂಗ್ಲೆಂಡಿನಲ್ಲಿ ಕ್ರ್ಯಾಷ್ ಟೆಸ್ಟ್‌ಗೆ ಗೋಡೆಗೆ ಗುದ್ದಿಸಿ ಪುಡಿ ಮಾಡಿದರು.

ಮಾತು ತಪ್ಪಿದವರ ಕಥೆಯೂ ಇದೆ. 1988ರಲ್ಲಿ ಜಾಗ್ವಾರ್ ಎಕ್ಸ್‌ಜೆ220 ತೋರಿಸಿದಾಗ ಹನ್ನೆರಡು ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಶಕ್ತಿ ಎಂದಿದ್ದರು. ಜನ 50 ಸಾವಿರ ಪೌಂಡ್ ಮುಂಗಡ ಕೊಟ್ಟರು. 1992ರಲ್ಲಿ ಕೈಗೆ ಬಂದದ್ದು ಆರು ಸಿಲಿಂಡರ್ ಟರ್ಬೊ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. ಕಾರು ಕೆಟ್ಟದ್ದಲ್ಲ, ಆ ಕಾಲಕ್ಕೆ ಭಾರೀ ವೇಗದ್ದೇ. ಆದರೂ ಗಲಾಟೆ ಕೋರ್ಟ್ ಮೆಟ್ಟಿಲೇರಿತು. ಟಾಟಾ ಕೈಗೆ ಬಂದ ಮೇಲೂ ಜಾಗ್ವಾರ್ 2010ರಲ್ಲಿ ಸಿ-ಎಕ್ಸ್75 ತೋರಿಸಿತು. ನಾಲ್ಕು ಎಲೆಕ್ಟ್ರಿಕ್ ಮೋಟಾರು, ಬ್ಯಾಟರಿ ತುಂಬಲು ಎರಡು ಪುಟ್ಟ ಟರ್ಬೈನ್. 2012ರ ಕೊನೆಗೆ ಆರ್ಥಿಕ ಪರಿಸ್ಥಿತಿ ಸರಿಯಿಲ್ಲ ಎಂದು ಮಾರಾಟದ ಯೋಜನೆಯನ್ನೇ ಕೈಬಿಟ್ಟರು.

ಹಾಗಾದರೆ ಇದರಲ್ಲಿ ಬೆಂಗಳೂರು ಎಲ್ಲಿ? ಬಹಳ ವರ್ಷ ಈ ಊರಿನ ಪಾತ್ರ ತೆರೆಯ ಹಿಂದಿನದು. ಮರ್ಸಿಡಿಸ್-ಬೆಂಜ್ ತನ್ನ ಸಂಶೋಧನಾ ಕೇಂದ್ರವನ್ನು ಇಲ್ಲಿ ತೆರೆದದ್ದು 1996ರಲ್ಲಿ. ಈಗ ಅದು ಜರ್ಮನಿಯ ಹೊರಗೆ ಆ ಕಂಪನಿಯ ಅತಿ ದೊಡ್ಡ ಕೇಂದ್ರ. ಜನರಲ್ ಮೋಟರ್ಸ್, ಬಾಷ್ ಮುಂತಾದವರ ತಾಂತ್ರಿಕ ಕಚೇರಿಗಳೂ ಇಲ್ಲಿವೆ. ನಿಮ್ಮ ಪರಿಚಯದ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬರನ್ನು ಕೇಳಿ, ಮೊದಲ ಕೆಲಸ ಏನಿತ್ತು ಅಂತ. "ಮೆಶಿಂಗ್" ಎನ್ನುವವರು ಕಡಿಮೆ ಇಲ್ಲ. ಅಂದರೆ ಕಾರಿನ ಮೈಯನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಚಿಕ್ಕ ತುಂಡುಗಳ ಬಲೆಯಾಗಿ ಒಡೆಯುವುದು. ಆಮೇಲೆ ಒಂದೊಂದು ತುಂಡಿಗೂ ಗಾಳಿ ಎಷ್ಟು ಒತ್ತುತ್ತದೆ, ಗುದ್ದಿದರೆ ಎಲ್ಲಿ ಮಡಚುತ್ತದೆ, ಬಿಸಿ ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಬೇಸರದ ಕೆಲಸ. ಆದರೆ ಕೌಂಟಾಶ್ ಓಡಿಸಿದ ಮೇಲೆ ಗೊತ್ತಾದ ಸಂಗತಿ ಈಗ ತಗಡು ಬಗ್ಗಿಸುವ ಮೊದಲೇ ಗೊತ್ತಾಗುವುದು ಈ ಕೆಲಸದಿಂದ.

ಇದರ ಫಲ ಕಂಡದ್ದು 2022ರ ಮರ್ಸಿಡಿಸ್ ಎಲೆಕ್ಟ್ರಿಕ್ ಕಾನ್ಸೆಪ್ಟ್ ಕಾರು ವಿಷನ್ ಇಕ್ಯುಎಕ್ಸ್‌ಎಕ್ಸ್‌ನಲ್ಲಿ. ಅದರ ಕೆಲಸದಲ್ಲಿ ಬೆಂಗಳೂರಿನ ತಂಡಕ್ಕೂ ಪಾಲಿತ್ತು. ಗಾಳಿಯ ತಡೆ ಅಳೆಯುವ ಗುಣಾಂಕ (ಕಡಿಮೆ ಇದ್ದಷ್ಟೂ ಒಳ್ಳೆಯದು) ಬರೀ 0.17. ಆ ವರ್ಷ ಏಪ್ರಿಲ್‌ನಲ್ಲಿ ಅದು ಜರ್ಮನಿಯಿಂದ ದಕ್ಷಿಣ ಫ್ರಾನ್ಸ್‌ವರೆಗೆ 1,000 ಕಿ.ಮೀ.ಗೂ ಜಾಸ್ತಿ ದೂರವನ್ನು ಒಂದೇ ಚಾರ್ಜಿನಲ್ಲಿ ಓಡಿತು. ಜೂನ್‌ನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ವರೆಗೆ 1,202 ಕಿ.ಮೀ. ಇಲ್ಲಿ ಸಾಮರ್ಥ್ಯ ಅಂದರೆ ವೇಗ ಅಲ್ಲ, ಕರೆಂಟಿನ ಜಿಪುಣತನ. ವೇಗಪ್ರಿಯರಿಗೆ ಇದು ಸಪ್ಪೆ ಅನ್ನಿಸಬಹುದು. ನನಗೆ ಮಾತ್ರ ಕಳೆದ ಇಪ್ಪತ್ತು ವರ್ಷದ ಅತ್ಯಂತ ಪ್ರಾಮಾಣಿಕ ಕಾನ್ಸೆಪ್ಟ್ ಇದೇ.

ಬೇರೆಯವರ ಗಾಡಿಗೆ ಲೆಕ್ಕ ಹಾಕುವುದು ಒಂದು. ತಮ್ಮದೇ ಗಾಡಿ ತೋರಿಸುವುದು ಇನ್ನೊಂದು. ಅದನ್ನು ಇಲ್ಲಿ ಮೊದಲು ಮಾಡಿದವರು ರೇವಾದವರು. 2001ರಲ್ಲಿ ಬೆಂಗಳೂರಿನ ರಸ್ತೆಗೆ ಬಂದ ಆ ಪುಟ್ಟ ಎಲೆಕ್ಟ್ರಿಕ್ ಕಾರು ನೋಡಿ ನಕ್ಕವರೇ ಹೆಚ್ಚು. ಅದೇ ಕಾರು ಲಂಡನ್‌ನಲ್ಲಿ ಜಿ-ವಿಜ್ ಹೆಸರಿನಲ್ಲಿ ಓಡಾಡಿತು. 2009ರಲ್ಲಿ ರೇವಾ ಕಟ್ಟಿದ ಚೇತನ್ ಮೈನಿ ಅವರ ತಂಡ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಎರಡು ಕಾರು ಇಟ್ಟಿತು. ಒಂದು ಎನ್‌ಎಕ್ಸ್‌ಆರ್, ಮನೆಮಂದಿಗೆ. ಇನ್ನೊಂದು ಎನ್‌ಎಕ್ಸ್‌ಜಿ, ದಿಲೀಪ್ ಛಾಬ್ರಿಯಾ ವಿನ್ಯಾಸದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. 2010ರಲ್ಲಿ ಮಹೀಂದ್ರ ಕಂಪನಿ ರೇವಾವನ್ನು ಕೊಂಡಿತು. ಎನ್‌ಎಕ್ಸ್‌ಆರ್ ಬೆಳೆದು 2013ರಲ್ಲಿ ಇ2ಒ ಆಯಿತು. ಎನ್‌ಎಕ್ಸ್‌ಜಿ ಬರಲೇ ಇಲ್ಲ. 2014ರ ಆಟೋ ಎಕ್ಸ್‌ಪೋದಲ್ಲಿ ಕೆಂಪು ಬಣ್ಣದ ಹೇಲೋ ಎಂಬ ಇನ್ನೊಂದು ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾನ್ಸೆಪ್ಟ್ ಬಂತು. ಅದೂ ಅಲ್ಲಿಗೇ ನಿಂತಿತು. ಕಾರಣ ಊಹಿಸುವುದು ಕಷ್ಟವಲ್ಲ. ಆಗ ಬ್ಯಾಟರಿ ಬೆಲೆ ಈಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎರಡೇ ಸೀಟಿನ ಕಾರಿಗೆ ಅಷ್ಟು ದುಡ್ಡು ಸುರಿಯುವ ಗಿರಾಕಿ ಇಲ್ಲಿ ಎಷ್ಟು ಜನ ಸಿಗುತ್ತಿದ್ದರು?

ಎರಡು ಚಕ್ರದ ಲೆಕ್ಕವೇ ಬೇರೆ. ಇಲ್ಲಿಂದ ನಲವತ್ತು ಕಿ.ಮೀ. ಆಚೆ, ಹೊಸೂರಿನ ಟಿವಿಎಸ್ 2016ರಲ್ಲಿ ಅಕುಲಾ 310 ಎಂಬ ಕಾನ್ಸೆಪ್ಟ್ ತೋರಿಸಿತು. 2017ರ ಡಿಸೆಂಬರ್‌ನಲ್ಲಿ ಅದು ಅಪಾಚೆ ಆರ್‌ಆರ್ 310 ಆಗಿ ಶೋರೂಮಿಗೆ ಬಂತು. 2018ರ ಕ್ರಿಯಾನ್ ಎಂಬ ಎಲೆಕ್ಟ್ರಿಕ್ ಸ್ಕೂಟರ್ ಕಾನ್ಸೆಪ್ಟ್ ಐದು ವರ್ಷ ಕಾಯಿಸಿ ಟಿವಿಎಸ್ ಎಕ್ಸ್ ಆಯಿತು. ಬೆಂಗಳೂರಿನ ಏಥರ್ 2016ರಲ್ಲಿ ಎಸ್340 ಎಂಬ ಎಲೆಕ್ಟ್ರಿಕ್ ಸ್ಕೂಟರ್ ತೋರಿಸಿ, 2018ರಲ್ಲಿ ಮಾರಾಟಕ್ಕೆ ಇಳಿಯಿತು. ಬೈಕಿಗೆ ಬೇಕಾದ ಬ್ಯಾಟರಿ ಚಿಕ್ಕದು, ಅಚ್ಚುಗಳ ಖರ್ಚು ಕಡಿಮೆ, ಕೊಳ್ಳುವವರು ಲಕ್ಷಗಟ್ಟಲೆ. ಹಾಗಾಗಿ ನಮ್ಮ ಕಡೆ ಮಾತು ಉಳಿಸಿಕೊಂಡವರಲ್ಲಿ ಬೈಕಿನವರೇ ಮುಂದು.

ಅಲ್ಟ್ರಾವಯಲೆಟ್ ಈ ಸಾಲಿಗೆ ಸೇರುತ್ತದೆ. ನಾರಾಯಣ್ ಸುಬ್ರಮಣ್ಯಂ ಮತ್ತು ನೀರಜ್ ರಾಜಮೋಹನ್ ಕಟ್ಟಿದ ಕಂಪನಿ, ಟಿವಿಎಸ್ ಕೂಡ ದುಡ್ಡು ಹಾಕಿದೆ. ಇವರ ಎಫ್77 ಬೈಕನ್ನು 2019ರ ನವೆಂಬರ್‌ನಲ್ಲಿ ತೋರಿಸಿದಾಗ ಅದರಲ್ಲಿ ಕಳಚಿ ತೆಗೆಯಬಹುದಾದ ಮೂರು ಬ್ಯಾಟರಿ ಇದ್ದವು. ಮೂರೂ ಸೇರಿ 4.2 ಕಿಲೋವ್ಯಾಟ್ ಅವರ್, ಅಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 4.2 ಯೂನಿಟ್. ಒಂದು ಚಾರ್ಜಿಗೆ ಹೆಚ್ಚೆಂದರೆ 150 ಕಿ.ಮೀ. ಮೂರು ವರ್ಷ ಬಿಟ್ಟು, 2022ರ ನವೆಂಬರ್‌ನಲ್ಲಿ ಮಾರಾಟಕ್ಕೆ ಬಂದಾಗ ಕಳಚುವ ಬ್ಯಾಟರಿ ಮಾಯ. ಅದರ ಜಾಗದಲ್ಲಿ ಗಟ್ಟಿಯಾಗಿ ಕೂರಿಸಿದ ಪ್ಯಾಕ್, ದುಬಾರಿ ಮಾದರಿಯಲ್ಲಿ 10.3 ಕಿಲೋವ್ಯಾಟ್ ಅವರ್. ಕಂಪನಿ ಹೇಳಿದ ದೂರ 307 ಕಿ.ಮೀ. ಕಣ್ಣಿಗೆ ಬೈಕ್ ಹೆಚ್ಚು ಬದಲಾಗಿರಲಿಲ್ಲ. ಒಳಗಿನದು ಪೂರ್ತಿ ಬೇರೆ. ಸ್ಟ್ರಾಟೋಸ್ ವಿಷಯದಲ್ಲಿ ಆದದ್ದಕ್ಕೆ ಇದು ತದ್ವಿರುದ್ಧ, ಅಲ್ವಾ?

ಬದಲಾಯಿಸದೆ ಬೇರೆ ದಾರಿ ಇರಲಿಲ್ಲ. ವೇಗದ ಎಲೆಕ್ಟ್ರಿಕ್ ಗಾಡಿಗೆ ದೊಡ್ಡ ಶತ್ರು ಬಿಸಿ. ಥ್ರಾಟಲ್ ಪೂರ್ತಿ ತಿರುವಿದಾಗ ಪುಟ್ಟ ಬ್ಯಾಟರಿಯಿಂದ ಒಮ್ಮೆಗೇ ಜಾಸ್ತಿ ಕರೆಂಟ್ ಎಳೆದರೆ ಸೆಲ್‌ಗಳು ಕಾಯುತ್ತವೆ. ಕಾದಾಗ ಸಾಫ್ಟ್‌ವೇರ್ ಶಕ್ತಿ ಕಡಿಮೆ ಮಾಡುತ್ತದೆ. ಪ್ಯಾಕ್ ದೊಡ್ಡದಾದರೆ ಅದೇ ಹೊರೆ ಹೆಚ್ಚು ಸೆಲ್‌ಗಳಿಗೆ ಹಂಚಿಹೋಗುತ್ತದೆ. 2022ರಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮವನ್ನೂ ಬಿಗಿ ಮಾಡಿತು. ಬರೆದ ಚಿತ್ರಕ್ಕೆ ಇದ್ಯಾವುದೂ ತಟ್ಟುವುದಿಲ್ಲ. ತಯಾರಿಸುವವರಿಗೆ ತಟ್ಟುತ್ತದೆ.

ಎಫ್77ರ ಮೊದಲ ಮಾದರಿಗಳಲ್ಲಿ ಒಂದರ ಹೆಸರು ಏರ್‌ಸ್ಟ್ರೈಕ್. ಮೈಯಲ್ಲೂ ಫೈಟರ್ ವಿಮಾನದ ಛಾಯೆ ಇದೆ. ಎಚ್‌ಎಎಲ್ ಮಾಡಿದ ಮಾರುತ್ ವಿಮಾನ 1961ರಲ್ಲಿ ಮೊದಲು ಹಾರಿದ ಊರು, ಯಲಹಂಕದ ಏರೋ ಇಂಡಿಯಾ ಸದ್ದಿಗೆ ಎರಡು ವರ್ಷಕ್ಕೊಮ್ಮೆ ಮನೆ ಮಹಡಿ ಹತ್ತುವ ಊರು ಇದು. ಅರ್ಲ್ ಹಚ್ಚಿದ ಹುಚ್ಚಿಗೆ ಇಲ್ಲಿ ಜಾಗ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಒಂದು ಹೊಸ ತಕರಾರು ಹುಟ್ಟಿದೆ. ಗಾಡಿ ಕಟ್ಟದೆಯೇ ಕಾನ್ಸೆಪ್ಟ್ ತೋರಿಸಬಹುದು. 2013ರಿಂದ ದೊಡ್ಡ ದೊಡ್ಡ ಕಂಪನಿಗಳೇ ಗ್ರಾನ್ ಟುರಿಸ್ಮೋ ಎಂಬ ವಿಡಿಯೋ ಗೇಮಿಗೆ ಅಂತಲೇ ಕಾರು ಬರೆದು ಕೊಡುತ್ತಿವೆ. ಲ್ಯಾಪ್‌ಟಾಪ್ ಇರುವ ಕಾಲೇಜು ಹುಡುಗನೂ ರಾತ್ರಿ ಕೂತು ಬೆಳಗ್ಗೆ ಹೊತ್ತಿಗೆ ಹೊಳೆಯುವ ಹೈಪರ್‌ಕಾರ್ ಚಿತ್ರ ಹಾಕಬಲ್ಲ. ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಎಲ್ಲವೂ ಒಂದೇ ಥರ: ತೆಳು ದೀಪದ ಗೆರೆ, ತೂತಿಲ್ಲದ ಮೂತಿ, ಸ್ಟೀರಿಂಗ್ ತಿರುಗಿಸಿದರೆ ಮೈಗೆ ಉಜ್ಜುವಷ್ಟು ದೊಡ್ಡ ಚಕ್ರ. ರೋಡ್ ಹಂಪ್ ಅಂತೂ ಯಾರ ನೆನಪಿಗೂ ಬರುವುದಿಲ್ಲ. ಕಂಪನಿಗಳೂ ಇದೇ ಹಾದಿ ಹಿಡಿದಾಗ ತೊಂದರೆ. ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2022ರ ಆಗಸ್ಟ್ 15ರಂದು ಒಂದು ಕಾರಿನ ಚಿತ್ರ ತೋರಿಸಿತು. 500 ಕಿ.ಮೀ. ದೂರ, 0ಯಿಂದ 100ಕ್ಕೆ 4 ಸೆಕೆಂಡ್, ಗಾಳಿ ತಡೆ 0.21ಕ್ಕಿಂತ ಕಡಿಮೆ ಎಂದಿತು. 2024ಕ್ಕೆ ಬರಬೇಕಿದ್ದ ಆ ಕಾರು ಬರಲಿಲ್ಲ.

ಎಫ್99 ಕೂಡ ಶೋರೂಮಿಗೆ ಬಂದ ಗಾಡಿಯಲ್ಲ. ಆದರೆ ವೇದಿಕೆಯಲ್ಲೇ ಉಳಿಯಲೂ ಇಲ್ಲ. 2024ರಲ್ಲಿ ಪುಣೆ ಹತ್ತಿರದ ಆಂಬಿ ವ್ಯಾಲಿಯ ರನ್‌ವೇ ಮೇಲೆ ಅದನ್ನು ಓಡಿಸಿ, ಕಾಲು ಮೈಲಿಯನ್ನು 10.712 ಸೆಕೆಂಡಿನಲ್ಲಿ ಮುಗಿಸಿದರು. ಮರುವರ್ಷ ಜೂನ್‌ನಲ್ಲಿ, ಅದರ ಅಣ್ಣ ಎಫ್77 ಯೂರೋಪಿನ ಹತ್ತು ದೇಶಗಳಲ್ಲಿ ಮಾರಾಟಕ್ಕೆ ಇಳಿಯಿತು.