ಲೋಟ ಎತ್ತಿಟ್ಟರೆ ಚಾಕಲೇಟಾ?

‘ಮೇಡಂ, ನನ್ನ ಮಗ ಕುಡಿದ ಲೋಟನೂ ಎತ್ತಿಡಲ್ಲ. ಚಾಕಲೇಟ್ ಅಂದ್ರೆ ಮಾತ್ರ ಏಳ್ತಾನೆ.’ ಹಾಸನದ ನನ್ನ ಕ್ಲಿನಿಕ್ಕಿನಲ್ಲಿ ಈ ದೂರು ಕೇಳಿ ಕೇಳಿ ಸಾಕಾಗಿದೆ. ಚಾಕಲೇಟ್ ಶುರು ಮಾಡಿದ್ದು ಯಾರು ಅಂದರೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್, ಮೈಕೆಲ್ ಟೊಮಾಸೆಲೊ ಎಂಬ ಮನಶ್ಶಾಸ್ತ್ರಜ್ಞರು 18 ತಿಂಗಳ 24 ಮಕ್ಕಳನ್ನು ಪರೀಕ್ಷಿಸಿದರು. ಬಟ್ಟೆ ಒಣಹಾಕುವಾಗ ಕ್ಲಿಪ್ ಬೀಳುತ್ತೆ, ದೊಡ್ಡವರಿಗೆ ಎಟುಕಲ್ಲ. ಇಂಥ ಹತ್ತು ಸನ್ನಿವೇಶ. 22 ಮಕ್ಕಳು ಒಮ್ಮೆಯಾದರೂ ನೆರವಿಗೆ ಬಂದರು. ಬೇಕಂತಲೇ ಕ್ಲಿಪ್ ಎಸೆದಾಗ ಮಾತ್ರ ಆ ಉತ್ಸಾಹ ಕಾಣಲಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನ ಇದು.

ಮುಂದಿನದನ್ನು ದಯವಿಟ್ಟು ನಿಧಾನಕ್ಕೆ ಓದಿ. 2008ರಲ್ಲಿ ಅವರೇ 20 ತಿಂಗಳ ಮಕ್ಕಳನ್ನು ನೋಡಿದರು. ಸಹಾಯ ಮಾಡಿದಾಗ ಕೆಲವರಿಗೆ ಆಟದ ಸಾಮಾನು, ಕೆಲವರಿಗೆ ಹೊಗಳಿಕೆ, ಕೆಲವರಿಗೆ ಏನೂ ಇಲ್ಲ. ಆಮೇಲೆ ಕೊಡೋದನ್ನು ನಿಲ್ಲಿಸಿದರು. ಆಗ ಕಡಿಮೆ ಸಹಾಯ ಮಾಡಿದ್ದು ಸಾಮಾನು ಪಡೆದ ಮಕ್ಕಳೇ! ಏನೂ ಸಿಗದವರು ಮೊದಲಿನ ಹಾಗೇ ಎದ್ದು ಬಂದರು. ಅಂದರೆ ಸಹಾಯ ಮಾಡೋಕೆ ಮೊದಲೇ ಇದ್ದ ಆಸೆಯನ್ನು ಬಹುಮಾನ ಕುಗ್ಗಿಸಬಹುದು. ‘ಅಯ್ಯೋ ಪಾಪ, ಅವರಿಗೆ ಬೇಕಿತ್ತು’ ಅಂತ ಎದ್ದ ಮಗು ‘ನನಗೇನು ಸಿಗುತ್ತೆ?’ ಅಂತ ನೋಡತೊಡಗುತ್ತೆ. ‘ಹಾಗಾದ್ರೆ ಚಾಕಲೇಟ್ ಬದಲು ಪೆನ್ಸಿಲ್ ಕೊಡ್ಲಾ ಮೇಡಂ?’ ಅಂತ ಕೇಳುವವರಿದ್ದಾರೆ. ಬೇಡ. ಸ್ಟಿಕ್ಕರೂ ಬೇಡ, ಐದು ರೂಪಾಯಿಯೂ ಬೇಡ. ‘ಥ್ಯಾಂಕ್ಸ್ ಪುಟ್ಟ’ ಅನ್ನಿ, ಸಾಕು.

ಚನ್ನರಾಯಪಟ್ಟಣದ ಕಡೆಯ ತಾಯಿಯೊಬ್ಬರು ದೊಡ್ಡ ಮಗನ ಮೇಲೆ ಇದೇ ದೂರು ಹೇಳುತ್ತಿದ್ದರು. ನನ್ನ ಪೆನ್ನು ಕೆಳಗೆ ಬಿತ್ತು. ಇನ್ನೂ ಸರಿಯಾಗಿ ಮಾತು ಬಾರದ ಚಿಕ್ಕವನು ಮೇಜಿನಡಿ ನುಸುಳಿ ಎತ್ತಿಕೊಟ್ಟ. ತಾಯಿ ತಕ್ಷಣ, ‘ಗುಡ್ ಬಾಯ್! ಹೋಗ್ತಾ ಚಾಕಲೇಟ್ ಕೊಡಿಸ್ತೀನಿ’ ಅಂದರು. ನಾನೇನು ಹೇಳಲಿ?

ಇನ್ನೊಂದು ಕಡೆ, ಅವರೆಕಾಯಿ ಕಾಲದಲ್ಲಿ ಅಜ್ಜಿ ಕಾಯಿ ಸುಲಿಯೋಕೆ ಕೂತರೆ ಮಗು ಪಕ್ಕದಲ್ಲೇ ಹಾಜರು. ಸಿಪ್ಪೆ ಕಾಳಿನ ಮೊರಕ್ಕೆ, ಕಾಳು ಸಿಪ್ಪೆಗೆ. ‘ಹೋಗು, ಮೊಬೈಲ್ ನೋಡು’ ಅಂತ ಅಟ್ಟುತ್ತೇವೆ. ಎಂಟು ವರ್ಷಕ್ಕೆ ಅದೇ ಮಗುವನ್ನು ‘ಸೋಮಾರಿ’ ಅಂತ ನನ್ನ ಹತ್ತಿರ ಕರೆತರುತ್ತೇವೆ. ಅರ್ಧ ಗಂಟೆ ಕೆಲಸ ಜಾಸ್ತಿಯಾಗುತ್ತೆ, ನಿಜ. ಆಗಲಿ ಬಿಡಿ.

ಒಂದು ಎಚ್ಚರಿಕೆ. ಇವು ಪುಟ್ಟ ಮಕ್ಕಳ ಸಣ್ಣ ಅಧ್ಯಯನಗಳು. ಎಲ್ಲ ವಯಸ್ಸಿಗೂ, ಎಲ್ಲ ಅಭ್ಯಾಸಕ್ಕೂ ಹಾಗೇ ಹೊಂದಲ್ಲ. ಆಟಿಸಂ ಇರುವ ಮಗುವಿಗೆ ಥೆರಪಿಯಲ್ಲಿ ಬಹುಮಾನ ಬಳಸುತ್ತಿದ್ದರೆ, ಇದನ್ನು ಓದಿ ನೀವಾಗಿಯೇ ನಿಲ್ಲಿಸಬೇಡಿ. ಮೊದಲು ನಿಮ್ಮ ಥೆರಪಿಸ್ಟ್ ಹತ್ತಿರ ಮಾತಾಡಿ.